ಎರಡು ಗುಂಡು ಕೇಳಿಸಿದಾಗ

"ಗುರುಗಳೇ, ಕೆಲವು ದೇಶಗಳಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನವೇ ಪ್ರಜೆಗೆ ಕೊಟ್ಟಿದೆಯಂತೆ. ಹಕ್ಕು ಎಂದ ಮೇಲೆ ಅದಕ್ಕೆ ಮಿತಿ ಹಾಕಬಹುದೇ? ಹಾಕಿದರೆ ಅದು ಹಕ್ಕಾಗಿ ಉಳಿಯುತ್ತದೆಯೇ?" ಎಂದು ಗುರುಶಾಂತ ಕೇಳಿದ. ಅವನು ಕಾನೂನು ಓದಿ ಮಠಕ್ಕೆ ಬಂದ ಶಿಷ್ಯ.

"ಕುಳಿತುಕೋ" ಎಂದರು ಗುರುಗಳು. "ಈ ಕತೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ."

ಕಾಡಿನ ಅಂಚಿನಲ್ಲಿ ಒಂದು ಊರಿತ್ತು. ಕಾಡಿನಿಂದ ಹುಲಿ ಬರುತ್ತಿತ್ತು, ಬೆಟ್ಟದಿಂದ ದರೋಡೆಕೋರರು ಬರುತ್ತಿದ್ದರು. ರಾಜನ ಸೈನ್ಯ ಅಲ್ಲಿಗೆ ತಲುಪಲು ಮೂರು ದಿನ ಬೇಕಿತ್ತು. ಆದ್ದರಿಂದ ರಾಜ ಊರ ಮುಂದೆ ಒಂದು ಕಲ್ಲು ನೆಡಿಸಿದ. ಅದರಲ್ಲಿ ಎರಡೇ ಸಾಲು. ಊರಿನ ಕಾವಲಿಗಾಗಿ ಮನೆಗೊಂದು ಕೋವಿ ಇರಲಿ. ಅದನ್ನು ಯಾರೂ ಕಸಿಯಬಾರದು.

ಊರಿನವರು ತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡರು. ಒಂದು ಗುಂಡು ಕೇಳಿಸಿದರೆ ಯಾರಿಗೋ ಆಪತ್ತು ಬಂದಿದೆ; ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. ಒಂದರ ಹಿಂದೆ ಒಂದು ಎರಡು ಗುಂಡು ಕೇಳಿಸಿದರೆ ಆ ದಿಕ್ಕಿನ ಮನೆಯಲ್ಲಿ ಸಾವಾಗಿದೆ. ಸ್ನಾನ ಮಾಡಿ, ಬಿಳಿ ಬಟ್ಟೆ ಉಟ್ಟು ಹೋಗಬೇಕು. ಸತ್ತವರ ಮನೆಗೆ ಓಡಬೇಕಾಗಿಲ್ಲವಲ್ಲ.

ಕಾಲ ಕಳೆಯಿತು. ಹುಲಿಗಳು ಕಡಿಮೆಯಾದವು. ದರೋಡೆಕೋರರು ಇಲ್ಲವಾದರು. ಕಾವಲಿನ ಸರದಿಯೂ ನಿಂತುಹೋಯಿತು. ಕೋವಿಗಳು ಮಾತ್ರ ಉಳಿದವು. ಅವಕ್ಕೆ ಎಣ್ಣೆ ಹಾಕಿ ಒರೆಸುವುದೇ ಒಂದು ದೊಡ್ಡಸ್ತಿಕೆಯಾಯಿತು.

ಊರಿನ ಕೊನೆಯಲ್ಲಿ ಒಬ್ಬ ರೈತ, ಅವನ ಪಕ್ಕದಲ್ಲಿ ಒಬ್ಬ ನೇಕಾರ. ನೇಕಾರ ಬೇಲಿಯನ್ನು ಒಂದು ಮೊಳ ಈಚೆಗೆ ಹಾಕಿದ ಎಂದು ಜಗಳ ಹತ್ತಿತು. ಒಂದು ಮೊಳ! ರೈತ ಒಳಗೆ ಹೋಗಿ ಕೋವಿ ತಂದ. ಮೊದಲ ಗುಂಡು ಗುರಿ ತಪ್ಪಿತು. ಅದರ ಹಿಂದೆಯೇ ಹಾರಿದ ಎರಡನೆಯದು ನೇಕಾರನ ತೊಡೆಗೆ ಬಿತ್ತು.

ನೇಕಾರನ ಹೆಂಡತಿ ಸೆರಗನ್ನು ಗಾಯಕ್ಕೆ ಒತ್ತಿ ಹಿಡಿದು ಕೂಗಿದಳು. ಊರಿನವರಿಗೆ ಅವಳ ಕೂಗು ಕೇಳಿಸಲಿಲ್ಲ, ಎರಡು ಗುಂಡು ಕೇಳಿಸಿತು. ಯಾರೋ ತೀರಿಕೊಂಡರು ಎಂದುಕೊಂಡರು. ನೀರು ಕಾಯಿಸಿದರು, ಸ್ನಾನ ಮಾಡಿದರು, ಬಿಳಿ ಬಟ್ಟೆ ಹುಡುಕಿದರು. ಊರಿನಲ್ಲಿ ಗಾಯ ಕಟ್ಟಬಲ್ಲ ನಾಟಿ ವೈದ್ಯನೊಬ್ಬನಿದ್ದ. ಅವನೂ ಸ್ನಾನ ಮಾಡಿ ಹೊರಟ. ಸಾವಿನ ಮನೆಗೆ ಔಷಧಿ ಯಾಕೆಂದು ಚೀಲವನ್ನು ಮನೆಯಲ್ಲೇ ಬಿಟ್ಟ.

ಅವರೆಲ್ಲ ಸಾಲಾಗಿ ಬಂದಾಗ ನೇಕಾರನಿಗೆ ಇನ್ನೂ ಉಸಿರಿತ್ತು. ಚೀಲ ತರಲು ಒಬ್ಬ ಓಡಿದ. ಅವನು ತಿರುಗಿ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಮಣ್ಣು ಮಾಡುವ ಮೊದಲೇ ಕಲ್ಲಿನ ಬಳಿ ಊರು ಸೇರಿತು. ಕೋವಿಯನ್ನು ಕೆಳಗಿಡು ಎಂದು ಹಿರಿಯರು ರೈತನಿಗೆ ಹೇಳಿದರು. ಅವನು ಇಡಲಿಲ್ಲ.

"ಯಾರೂ ಕಸೀಬಾರ್ದು ಅಂತ ಕಲ್ಲಲ್ಲೇ ಬರ್ದೈತೆ, ಓದ್ಕೊಳ್ಳಿ" ಎಂದ.

"ಅದರ ಮೇಲಿನ ಸಾಲನ್ನೂ ಓದಪ್ಪ. ಊರಿನ ಕಾವಲಿಗೆ ಅಂತ ಐತೆ" ಎಂದರು ಹಿರಿಯರೊಬ್ಬರು.

"ನನ್ನ ಬೇಲಿ ಊರಾಚೆ ಐತಾ? ನಾನು ಕಾದಿದ್ದೂ ಊರನ್ನೇ."

ಇದಕ್ಕೆ ಜನ ಉಗಿಯಬೇಕಿತ್ತು. ಉಗಿಯಲಿಲ್ಲ! ಇವತ್ತು ಇವನ ಕೋವಿ ಹೋದರೆ ನಾಳೆ ನಮ್ಮದೂ ಹೋಗುತ್ತದೆ ಎಂದು ತಮ್ಮತಮ್ಮಲ್ಲೇ ಗೊಣಗಿದರು. ಅಲ್ಲಿ ಹೆಣ ಅಂಗಳದಲ್ಲಿದೆ, ಇವರಿಗೆ ಕಬ್ಬಿಣದ ಚಿಂತೆ. ಹಿರಿಯರೂ ಕೋವಿ ಕೇಳುವುದನ್ನು ಬಿಟ್ಟರು.

ಆಗ ನೇಕಾರನ ಹೆಂಡತಿ ಎದ್ದು ನಿಂತಳು. ಅವಳ ಸೆರಗು ಇನ್ನೂ ಒಣಗಿರಲಿಲ್ಲ.

"ಅಣ್ಣಂದಿರಾ, ನಮ್ಮ ಮನೇಲೂ ಒಂದು ಕೋವಿ ಐತೆ. ನಮಗೂ ಆ ಕಲ್ಲಿನ ಹಕ್ಕು ಇತ್ತು. ಅದರಿಂದ ಅವರ ಜೀವ ಉಳೀಲಿಲ್ಲ. ಕೋವಿ ಯಾರ ಹತ್ರನಾದ್ರೂ ಇರ್ಲಿ. ಇನ್ಮೇಲೆ ಎರಡು ಗುಂಡು ಕೇಳಿಸಿದ್ರೆ ವೈದ್ಯರು ಚೀಲ ತರಬೇಕಾ, ಬ್ಯಾಡ್ವಾ? ಅದೊಂದು ಹೇಳ್ಬಿಡಿ."

ರೈತ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಓದಿದ ಕಾನೂನು ಗುರುಶಾಂತನನ್ನು ಸುಮ್ಮನಿರಲು ಬಿಡಲಿಲ್ಲ.

"ರೈತ ಮಾಡಿದ್ದು ಅನ್ಯಾಯವೇ, ಗುರುಗಳೇ. ಆದರೂ ಒಂದು ಮಾತು. ನೆರೆಯವನ ಮೇಲೆ ಗುಂಡು ಹಾರಿಸಬಾರದು ಎಂದು ಆ ಕಲ್ಲಿನಲ್ಲಿ ಬರೆದಿರಲಿಲ್ಲವಲ್ಲ?"

"ಬರೆದಿರಲಿಲ್ಲ. ಅದನ್ನು ನೆಡಿಸಿದ ರಾಜ, ಓದುವವರು ಮನುಷ್ಯರು ಎಂದುಕೊಂಡಿದ್ದ" ಎಂದರು ಗುರುಗಳು.