ಹಿರಿಯರು ಏಳುವ ತನಕ

“ಮೇಷ್ಟ್ರೇ, ಕಾಪಾಡುವುದು ಅಂದರೆ ಏನು?” ಎಂದು ಚನ್ನವೀರ ತನ್ನ ಹಳೆಯ ಮೇಷ್ಟ್ರನ್ನು ಕೇಳಿದ.

ಅವನು ವಿಶ್ವವಿದ್ಯಾಲಯದ ಹುಡುಗರ ಹಾಸ್ಟೆಲಿಗೆ ಹೊಸದಾಗಿ ವಾರ್ಡನ್ ಆಗಿದ್ದ. ಅಲ್ಲಿನ ಒಬ್ಬ ವಿದ್ಯಾರ್ಥಿ, ತಾನು ಹುಡುಗರನ್ನೇ ಪ್ರೀತಿಸುವವನು ಎಂದು ಗೆಳೆಯನ ಬಳಿ ಹೇಳಿಕೊಂಡಿದ್ದ. ಮಾತು ಹಾಸ್ಟೆಲ್ ತುಂಬ ಹರಡಿತು. ಗೇಲಿ, ಬೈಗುಳ ಶುರುವಾದವು. ಒಬ್ಬ ಅವನ ಮೇಲೆ ಕೈಯನ್ನೂ ಎತ್ತಿದ.

“ಓದು ಬಿಟ್ಟು ಹೋಗ್ತೀನಿ ಅಂತಿದ್ದಾನೆ. ಹಿಂಬದಿಯಲ್ಲಿ ಒಂದು ಒಂಟಿ ಕೋಣೆ ಇದೆ. ಅಲ್ಲಿಗೆ ಕಳಿಸಿಬಿಡಲೇ?”

“ಭೇಷ್!” ಎಂದು ಮೇಷ್ಟ್ರು ನಕ್ಕರು. “ನೆಗಡಿ ಬಂತು ಅಂತ ಮೂಗು ಕೊಯ್ಯೋ ವೈದ್ಯ ಕಣೋ ನೀನು. ಕೂತ್ಕೋ, ಒಂದು ಕತೆ ಹೇಳ್ತೀನಿ. ನಾನು ಓದುತ್ತಿದ್ದ ಕಾಲದ್ದು. ಆಹಾ, ಎಂಥ ಕಾಲ ಅದು!”

ಒಂದು ಹಾಸ್ಟೆಲ್ ಇತ್ತು. ಅಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ನಮ್ಮಲ್ಲಿ ಪಂಕ್ತಿಭೇದ ಇಲ್ಲ ಎಂಬುದೇ ಅವರ ಹೆಮ್ಮೆ. ಆ ಸಾರಿನ ಘಮ ನನಗೆ ಇವತ್ತಿಗೂ ಮೂಗಿನಲ್ಲಿದೆ. ಸಾಲಿಗೆ ಒಂದು ಪದ್ಧತಿ ಇತ್ತು: ಹಿರಿಯರು ಏಳುವ ತನಕ ಯಾರೂ ಎಲೆ ಬಿಟ್ಟು ಏಳಬಾರದು. ಆದರೆ ಹಿರಿಯರು ಅಂದರೆ ವಾರ್ಡನ್, ಅವರ ಊಟ ಅವರ ಮನೆಗೇ ಹೋಗುತ್ತಿತ್ತು.

“ನನಗೂ ಕ್ಯಾರಿಯರ್ ಮನೆಗೇ ಬರುತ್ತೆ ಮೇಷ್ಟ್ರೇ,” ಎಂದು ಚನ್ನವೀರ ನಕ್ಕ.

ನಿನ್ನ ಹುಡುಗನಂಥವನೇ ಅಲ್ಲೂ ಒಬ್ಬನಿದ್ದ. ಚೆಂದ ಹಾಡುತ್ತಿದ್ದ. ಅವನ ವಿಷಯ ಗೊತ್ತಾದ ಮೇಲೆ, ಅವನು ಬಂದು ಕೂತರೆ ಸಾಕು, ಅಕ್ಕಪಕ್ಕದವರು ಎದ್ದು ಹೋಗತೊಡಗಿದರು. ಹಿರಿಯರೇ ಇಲ್ಲದ ಸಾಲು, ತಡೆಯುವವರು ಯಾರು? ವಾರ್ಡನ್ ಒಳ್ಳೆಯ ಮನುಷ್ಯರೇ. ಅವನ ಊಟವನ್ನು ಅವನ ಕೋಣೆಗೆ ಕಳಿಸುವ ಏರ್ಪಾಡು ಮಾಡಿದರು. ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸಿದರು. ಹುಡುಗ ಉಳಿದ ಅಂದುಕೊಂಡರು.

ಒಂದು ಮಧ್ಯಾಹ್ನ ಅವನು ಟ್ರಂಕು ಹಿಡಿದು ಅವರ ಮನೆಗೆ ಬಂದ. “ಊರಿಗೆ ಹೋಗ್ತೀನಿ ಸಾರ್.”

“ಯಾಕಪ್ಪ? ಮತ್ತೆ ಯಾರಾದರೂ ಏನಾದರೂ ಅಂದರಾ?”

“ಇಲ್ಲ ಸಾರ್, ಈಗ ಯಾರೂ ಏನೂ ಅನ್ನಲ್ಲ. ‘ಇನ್ನೊಂದು ಸೌಟು ಹಾಕಿಸ್ಕೊಳ್ಳೋ’ ಅಂತ ಅನ್ನೋರೂ ಇಲ್ಲ.”

ವಾರ್ಡನ್ ಎದ್ದು ನಿಂತರು. ಟ್ರಂಕನ್ನು ಮನೆಯೊಳಗಿಟ್ಟರು. ಅವನ ಕೈ ಹಿಡಿದು ಊಟದ ಹಾಲ್‌ಗೆ ಹೋದರು. ಸಾಲಿನ ನಡುವೆ ಅವನನ್ನು ಕೂರಿಸಿ, ಪಕ್ಕದಲ್ಲಿ ತಮಗೂ ಎಲೆ ಹಾಕಿಸಿಕೊಂಡರು. ಭಾಷಣ ಮಾಡಲಿಲ್ಲ. ಇಬ್ಬರು ಏಳಲು ಹೊರಟಾಗ ತಲೆ ಎತ್ತಿ, “ನಂದಿನ್ನೂ ಮುಗಿದಿಲ್ಲವಲ್ರೋ!” ಎಂದರು, ಅಷ್ಟೇ. ಇಬ್ಬರೂ ಕೂತರು. ಹುಡುಗನ ಕೊನೆಯ ತುತ್ತು ಮುಗಿಯುವವರೆಗೆ ವಾರ್ಡನ್ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು. ಮರುದಿನವೂ ಬಂದರು. ದಿನಾ ಬಂದರು. ಏಳಲಾರದೆ ಕೂತವರು ಮೊದಲು ಮುಖ ಗಂಟು ಹಾಕಿಕೊಂಡು ಉಂಡರು. ಆಮೇಲೆ ಅವನ ಎಲೆಗೂ ಉಪ್ಪಿನಕಾಯಿ ಹಾಕಿಸಿದರು. ವರ್ಷ ಕಳೆಯುವಷ್ಟರಲ್ಲಿ ಒಂದು ಹಾಡು ಹೇಳೋ ಎಂದು ಅವರೇ ಪೀಡಿಸತೊಡಗಿದರು.

ಮೇಷ್ಟ್ರು ಕಣ್ಣೊರೆಸಿಕೊಂಡರು. “ಅವನು ಪದವಿ ಮುಗಿಸಿಯೇ ಹೋದ. ಆ ಸಾಲು ನೆನೆದರೆ ಈಗಲೂ ಹೊಟ್ಟೆ ತುಂಬುತ್ತೆ ಕಣೋ.”

“ಸರಿ, ಒಂಟಿ ಕೋಣೆ ಬೇಡ ಮೇಷ್ಟ್ರೇ. ಅವನಿಗೆ ಇನ್ನೇನು ಏರ್ಪಾಡು ಮಾಡಲಿ?” ಎಂದ ಚನ್ನವೀರ.

“ಅವನದು ಇರಲಿ, ಇವತ್ತು ನಿನ್ನ ಊಟ ಎಲ್ಲಿ?” ಎಂದರು ಮೇಷ್ಟ್ರು.