ಮೊದಲ ನೀರು

ಹೊಸದಾಗಿ ಅಧ್ಯಕ್ಷರಾದ ಬೋರಲಿಂಗೇಗೌಡರು ಪಂಚಾಯ್ತಿಯ ವಾಟರ್‌ಮನ್ ಜವರಯ್ಯನನ್ನು ಕರೆಸಿದರು. "ಇನ್ಮೇಲೆ ಮೊದಲ ನೀರು ನಮ್ಮನೆಗೆ ಬಿಡ್ಬೇಕು. ಇಲ್ಲಾಂದ್ರೆ ನಿನ್ ಕೆಲಸ ಹೋಯ್ತು ಅಂದ್ಕೋ."

"ಆಗ್ಲಿ ಗೌಡ್ರೆ," ಎಂದ ಜವರಯ್ಯ.

ಪೈಪಿನಲ್ಲಿ ನಿಂತ ತುಕ್ಕೆಲ್ಲ ಮೊದಲ ನೀರಿನಲ್ಲೇ ಬರುತ್ತದೆ. ಇಷ್ಟು ದಿನ ಅದು ಜವರಯ್ಯನಿದ್ದ ಕೆಳಗಿನ ಬೀದಿಯವರ ಪಾಲಿಗಿತ್ತು. ಈಗ ಹೇಳಿದ ಹಾಗೆ ಗೌಡರ ಮನೆಗೆ ಬಿಟ್ಟ.

ವಾರದೊಳಗೆ ಗೌಡರ ಬಿಳಿ ಪಂಚೆಗಳೆಲ್ಲ ಕಾವಿ ಬಣ್ಣಕ್ಕೆ ತಿರುಗಿದವು.

"ಲೋ, ಮೊದಲಿನ ಹಾಗೇ ಬಿಡೋ!" ಎಂದು ಕೂಗಾಡಿದರು.

ಜವರಯ್ಯ ತಲೆ ಕೆರೆದುಕೊಂಡ. "ಬಿಡ್ತೀನಿ ಗೌಡ್ರೆ. ಆದ್ರೆ ತುಕ್ಕು ನೀರು ತಾವು ಹಿಡ್ಕೊಂಡು ನಮಗೆ ತಿಳಿನೀರು ಕೊಡ್ತಾವ್ರೆ ಅಂತ ನಮ್ಮ ಬೀದಿ ಹೆಂಗಸ್ರು ನಾಳೆ ಗ್ರಾಮಸಭೇಲಿ ನಿಮಗೆ ಶಾಲು ಹೊದಿಸ್ತಾರಂತೆ. ಬ್ಯಾಡ ಅಂತ ಹೇಳ್ಬುಡ್ಲಾ?"

ಗೌಡರು ಉಟ್ಟ ಪಂಚೆಯನ್ನೊಮ್ಮೆ ನೋಡಿಕೊಂಡರು.

"ಶಾಲು ಯಾವ ಬಣ್ಣದ್ದಂತೋ?"