ಬಯಲಬುಡದ ಆಲ

ನಮ್ಮ ಊರಿಗೆ ಹೊಸದಾಗಿ ಬರುವವರೆಲ್ಲ ಮೊದಲು ಒಂದೇ ಕೆಲಸ ಮಾಡುತ್ತಾರೆ. ಬಸ್ಸಿನಿಂದ ಇಳಿದು ರಸ್ತೆ ದಾಟಿ ಆಲದ ನೆರಳಿಗೆ ಬರುತ್ತಾರೆ, ಒಂದು ಸುತ್ತು ಹಾಕುತ್ತಾರೆ, ಆಮೇಲೆ ಹಣೆ ನೆರಿಗೆ ಮಾಡಿಕೊಂಡು ನಿಂತುಬಿಡುತ್ತಾರೆ. ಮರ ಕಾಣುತ್ತದೆ, ಬುಡ ಕಾಣುವುದಿಲ್ಲ. ಮೇಲೆ ಒಂದಕ್ಕೊಂದು ಹೆಣೆದುಕೊಂಡ ಕೊಂಬೆಗಳ ಚಪ್ಪರವಿದೆ. ಅದರ ಕೆಳಗೆ ಕಂಬಗಳಂತೆ ನೆಲಕ್ಕಿಳಿದ ಬಿಳಲುಗಳು, ಕೆಲವು ತೊಡೆಯ ಗಾತ್ರ, ಕೆಲವು ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ಕೂಡದಷ್ಟು ದಪ್ಪ. ಆದರೆ ನಟ್ಟನಡುವೆ, ಕಾಂಡ ಇರಬೇಕಾದ ಜಾಗದಲ್ಲಿ, ಒಕ್ಕಲು ಕಣದಂತೆ ದುಂಡಗಿನ ಒಂದು ಬಯಲು. ಊರ ಹಿರಿಯರು ಸಭೆ ಸೇರುವುದು ಅಲ್ಲಿ, ಮದುವೆಯ ಊಟಕ್ಕೆ ಎಲೆ ಹಾಕುವುದೂ ಅಲ್ಲಿ. ಮರಕ್ಕೂ ಊರಿಗೂ ಬಯಲಬುಡ ಎಂಬ ಒಂದೇ ಹೆಸರು. ಪಕ್ಕದ ತೆಗ್ಗಿನಾಳದವರು, ಇದು ದೇವಿಯ ಪವಾಡ, ಆಕೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಾಂಡವನ್ನು ಮಾಯಮಾಡಿದಳು ಎಂದು ಬಂದವರಿಗೆ ಹೇಳಿ ಕಳಿಸುತ್ತಾರೆ. ನನಗೆ ದೇವಿಯಲ್ಲಿ ಭಕ್ತಿ ಇಲ್ಲವೆಂದಲ್ಲ. ಆದರೆ ನಮ್ಮವರು ಮೈಮುರಿದು ಮಾಡಿದ್ದನ್ನು ದೇವಿಯ ಲೆಕ್ಕಕ್ಕೆ ಬರೆದರೆ ನನಗೆ ಮೈ ಉರಿಯುತ್ತದೆ. ತೆಗ್ಗಿನಾಳದವರ ಮಾತು ಬಿಡಿ, ಅವರಿಗೆ ಹೇಳಿಕೊಳ್ಳಲು ಒಂದು ಒಳ್ಳೆಯ ಹುಣಸೆಮರವೂ ಇಲ್ಲ. ನಮ್ಮ ಹಿರಿಯರು ಹೇಳುತ್ತಿದ್ದುದು ಹೀಗೆ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದ ಕಾಲದಲ್ಲಿ, ಇಲ್ಲಿ ಊರೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಎರೆ ನೆಲ, ಅದರ ನಡುವೆ ಒಂಟಿಯಾಗಿ ಈ ಆಲ. ಹೊಳೆ ಉಕ್ಕಿ ಮನೆಮಾರು ಕಳೆದುಕೊಂಡ ಒಂದಿಷ್ಟು ಕುಟುಂಬಗಳು ಹರಕು ಚಾಪೆ, ಒಡಕು ಗಡಿಗೆ ಹೊತ್ತುಕೊಂಡು ಬಂದು ಇದರ ನೆರಳಿಗೆ ಬಿದ್ದವು. ಅವರಲ್ಲಿ ಒಕ್ಕಲಿಗರಿದ್ದರು, ಗಾಣಿಗರಿದ್ದರು, ಬುಟ್ಟಿ ಹೆಣೆಯುವ ಮೇದಾರರಿದ್ದರು. ಬೇಟೆ ಮುಗಿಸಿ ದಣಿದು ಬಂದ ಮುಪ್ಪಿನ ದೇಸಾಯರು ಅದೇ ನೆರಳಿನಲ್ಲಿ ಕುಳಿತು, ಆ ಮಂದಿ ಕೊಟ್ಟ ನೀರು ಕುಡಿದರಂತೆ. ಅವರ ಕಥೆ ಕೇಳಿ ಕರಗಿ, ಎದ್ದು ಕಾಂಡದ ಮೇಲೆ ಅಂಗೈ ಇಟ್ಟು, "ಈ ಮರದಾಗ ಹಸರು ಇರೂತನಕಾ ಈ ನೆಲ ನಿಮ್ಮದು. ಇದು ಒಣಗಿದ್ರ ನೆಲ ನಮ್ಮ ವಾಡೇಕ್ಕ ತಿರುಗಿ ಬರಬೇಕು" ಎಂದರು. ಆಲ ಎಂದಾದರೂ ಒಣಗುವುದುಂಟೆ ಎಂದು ಅವರೂ ನಕ್ಕರು, ಇವರೂ ನಕ್ಕರು. ಮರುದಿನವೇ ನೆಲಕ್ಕೆ ನೇಗಿಲು ಬಿತ್ತು.

ಊರು ಬೆಳೆಯಿತು. ಬೆಳೆದ ಊರಿಗೆ ಎರಡು ಚಟ ಹತ್ತಿದವು. ಒಂದು, ಬೆಳಗಾಗೆದ್ದು ಗಂಡಸರೆಲ್ಲ ಆಲದ ಕೆಳಗೆ ಬಂದು ಎಳೆಯ ಬಿಳಲಿನ ತುದಿ ಮುರಿದು ಹಲ್ಲು ತಿಕ್ಕುವುದು. ಹಲ್ಲು ಗಟ್ಟಿಯಾಗಲು ಅದರಂಥದ್ದು ಬೇರೆ ಇಲ್ಲ ಎಂದು ಅವರ ನಂಬಿಕೆ. ಇನ್ನೊಂದು ಹೆಂಗಸರದು. ಗಾಣಿಗರ ಮನೆಯಲ್ಲಿ ಬಿಳಲಿನ ತುದಿಗಳನ್ನು ಜಜ್ಜಿ ಎಳ್ಳೆಣ್ಣೆಯಲ್ಲಿ ಕುದಿಸಿ ತಲೆಗೆ ಹಚ್ಚುವ ಎಣ್ಣೆ ತೆಗೆಯುತ್ತಿದ್ದರು. ಆ ಎಣ್ಣೆಯಿಂದ ನಮ್ಮ ಊರಿನ ಹೆಣ್ಣುಮಕ್ಕಳ ಹೆರಳು ಮೊಣಕಾಲು ಮುಟ್ಟುತ್ತಿತ್ತು ಎನ್ನುತ್ತಾರೆ. ಏಳು ಹಳ್ಳಿಯವರು ಈ ಊರಿನ ಹೆಣ್ಣೇ ಬೇಕೆಂದು ಹಟ ಹಿಡಿಯುತ್ತಿದ್ದರಂತೆ, ಅದರಲ್ಲಿ ತೆಗ್ಗಿನಾಳದವರೂ ಇದ್ದರು. ಒಟ್ಟಿನಲ್ಲಿ ಊರವರ ಕೈಗೆ ಎಟಕಿದ ಒಂದು ಬಿಳಲೂ ಮನುಷ್ಯನ ತಲೆಯಿಂದ ಕೆಳಗೆ ಇಳಿಯಲಿಲ್ಲ. ಇಳಿದದ್ದನ್ನು ಹಲ್ಲು ತಿಂದಿತು, ಕೂದಲು ತಿಂದಿತು, ಉಳಿದದ್ದನ್ನು ಆಡು ತಿಂದಿತು. ಇಷ್ಟು ದೊಡ್ಡ ಮರ ಒಂದೇ ಕಾಲಿನ ಮೇಲೆ ನಿಂತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮುಪ್ಪಿನ ದೇಸಾಯರು ಹೋದರು, ಮಗನೂ ಹೋದ, ಮೊಮ್ಮಗ ಅಡಿವೆಪ್ಪ ದೇಸಾಯಿ ಆ ದೊಡ್ಡ ಮನೆಗೆ, ವಾಡೆಗೆ, ಒಡೆಯನಾದ. ಆತ ಕೆಟ್ಟವನೇನಲ್ಲ, ಅಜ್ಜ ಕೊಟ್ಟ ಮಾತು ಮುರಿಯುವವನಂತೂ ಅಲ್ಲ. ಆದರೆ ಈ ನೆಲದಲ್ಲಿ ಹತ್ತಿ ಬೆಳ್ಳಗೆ ನಗುವುದನ್ನು ಕಂಡಾಗಲೆಲ್ಲ ಆತ ಕುದುರೆ ನಿಲ್ಲಿಸಿ ಎಷ್ಟು ಗಾಡಿ ಹತ್ತಿ ಆದೀತೆಂದು ಲೆಕ್ಕ ಹಾಕುತ್ತಿದ್ದ. ವರ್ಷಕ್ಕೊಮ್ಮೆ, ಬನ್ನಿ ಹಬ್ಬದ ದಿನ, ಕುದುರೆ ಏರಿ ಬಂದು ಊರವರೊಡನೆ ಬನ್ನಿ ಎಲೆ ಹಂಚಿಕೊಂಡು, ಹೋಗುವ ಮುಂಚೆ ಕೈಯ ಬೆತ್ತದಿಂದ ಆಲದ ಕಾಂಡಕ್ಕೆ ಒಂದು ಪೆಟ್ಟು ಹಾಕುತ್ತಿದ್ದ. ಒಂದು ವರ್ಷ ಆ ಪೆಟ್ಟಿಗೆ ಖಾಲಿ ಕಣಜ ಬಡಿದಂಥ ಸದ್ದು ಬಂತು. ಇನ್ನೊಮ್ಮೆ ಬಡಿದ, ಮತ್ತೆ ಅದೇ ಸದ್ದು. ಕಾಂಡದ ಒಳಗೆಲ್ಲ ಗೆದ್ದಲು, ತೊಗಟೆ ಮಾತ್ರ ಉಳಿದಿತ್ತು. ದೇಸಾಯಿ ಮೀಸೆಯಲ್ಲೇ ನಕ್ಕು, "ಅಜ್ಜನ ಮಾತು ನಾ ಮೀರೂದಿಲ್ಲ. ಮರ ಇರೂತನಕಾ ಉಣ್ರಿ" ಎಂದು ಕುದುರೆ ಏರಿದ. ಅವತ್ತು ಹಬ್ಬದ ಹೋಳಿಗೆ ಎಲೆಯ ಮೇಲೆಯೇ ಉಳಿಯಿತು. ಮರ ಬಿದ್ದರೆ ಹೊಲ ಹೋಯಿತು, ಮನೆ ಹೋಯಿತು, ಮತ್ತೆ ಅದೇ ಹರಕು ಚಾಪೆ ಹೊತ್ತು ಬೀದಿಗೆ ಬೀಳಬೇಕು.

ಕಾಂಡಕ್ಕೆ ಸಗಣಿ ಮೆತ್ತಿದರು, ಬೇವಿನ ಹಿಂಡಿ ತುಂಬಿದರು, ಪೂಜೆ ಮಾಡಿಸಿದರು. ಗೆದ್ದಲು ಕೇಳಬೇಕಲ್ಲ! ಈ ನಡುವೆ ಯಾರದೋ ಮದುವೆ ಬಂತು, ಮದುವಣಗಿತ್ತಿಗೆ ಎಣ್ಣೆ ಬೇಕಾಯಿತು. ಎಣ್ಣೆ ತೆಗೆಯುತ್ತಿದ್ದವಳು ಗಾಣಿಗರ ಸಂಕವ್ವ, ಗಂಡ ಸತ್ತ ಮೇಲೆ ಗಾಣವನ್ನು ತಾನೇ ನಡೆಸುತ್ತಿದ್ದ ಗಟ್ಟಿಗಿತ್ತಿ. ಬಾಯಿ ಬಿಟ್ಟರೆ ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕುಡುಗೋಲು ಹಿಡಿದು ಬಂದು ನೋಡುತ್ತಾಳೆ, ಎಣ್ಣೆಗೆ ಸಾಲುವಷ್ಟು ಬಿಳಲು ಕೈಗೆ ಎಟಕುವಲ್ಲಿ ಉಳಿದಿಲ್ಲ. ಉಳಿದದ್ದು ಮರದ ಬಡಗಣ ಬದಿಯ ಹುತ್ತದ ಕಡೆ ಮಾತ್ರ. ಅಲ್ಲಿ ನಾಗರಹಾವು ಇದೆಯೆಂದು ಮೂರು ತಲೆಮಾರಿನಿಂದ ಒಬ್ಬರೂ ಕಾಲಿಟ್ಟಿರಲಿಲ್ಲ. "ಹಾವೂ ಒಂದ ಸಲ ನನ್ನ ಮಾರಿ ನೋಡ್ಲಿ" ಎನ್ನುತ್ತ ಸಂಕವ್ವ ಪೊದೆ ಸರಿಸಿ ಒಳಗೆ ನುಗ್ಗಿದಳು. ಅಲ್ಲಿ ಒಂದು ಬಿಳಲು ಹುತ್ತದ ಪಕ್ಕದಲ್ಲೇ ನೆಲಕ್ಕಿಳಿದು ಬೇರೂರಿ ತೊಲೆಯಷ್ಟು ದಪ್ಪವಾಗಿತ್ತು. ಜಗ್ಗಿದಳು, ಅಲುಗಲಿಲ್ಲ. ಭುಜ ಕೊಟ್ಟು ನೂಕಿದಳು, ಅಲುಗಲಿಲ್ಲ. ತಲೆ ಎತ್ತಿ ನೋಡಿದಳು. ಊರ ಮೇಲಿನ ಕೊಂಬೆಗಳಲ್ಲಿ ಎಲೆ ಹಳದಿ ತಿರುಗಿದ್ದರೆ ಈ ಒಂದು ಕೊಂಬೆಯಲ್ಲಿ ಮಾತ್ರ ಕಡುಹಸಿರು. ಸಂಕವ್ವನಿಗೆ ಎಲ್ಲ ತಿಳಿದುಹೋಯಿತು. ಕುಡುಗೋಲು ಅಲ್ಲೇ ಬಿಸಾಕಿ, ಹುತ್ತದ ಮುಂದೆ ಕುಕ್ಕರಿಸಿ ಕುಳಿತು, ಎದೆ ಬಡಿದುಕೊಂಡು ಅತ್ತಳು ಎನ್ನುತ್ತಾರೆ.

ಅತ್ತು ಮುಗಿಸಿ ನೆಟ್ಟಗೆ ಊರ ನಡುವೆ ಬಂದಳು. "ಇಷ್ಟು ವರ್ಷ ನಾವು ತಲೀಗೆ ಹಚ್ಚಿಕೊಂಡದ್ದು ಎಣ್ಣಿ ಅಲ್ರಿ, ಈ ಮರದ ಕಾಲು! ಇವತ್ತಿನಿಂದ ಯಾರೂ ಬಿಳಲು ಮುಟ್ಟಬ್ಯಾಡ್ರಿ. ಮೊದಲನೇ ತಪ್ಪು ನಂದು, ನನ್ನ ಎಣ್ಣಿ ಗಡಿಗಿ ಇಲ್ಲಿಗೆ ಮುಗೀತು" ಎಂದು, ಇದ್ದ ಎಣ್ಣೆಯನ್ನೆಲ್ಲ ಹನುಮಪ್ಪನ ಗುಡಿಯ ದೀಪಕ್ಕೆ ಸುರಿದಳು. ಊರಗೌಡ ಮರಿಗೌಡನಿಗೆ ಇದು ಹಿಡಿಸಲಿಲ್ಲ. "ಹಂಗಾದ್ರ ಹಲ್ಲು ಯಾತರಿಂದ ತಿಕ್ಕಬೇಕವಾ?" ಎಂದು ಕೇಳಿದ. "ಬೇವಿನ ಕಡ್ಡೀಲೆ ತಿಕ್ಕ್ರಿ ಗೌಡ್ರ. ಕಹಿ ಆದ್ರ ಬೂದಿ ಐತಿ. ಅದೂ ಬ್ಯಾಡಂದ್ರ ತಿಕ್ಕಲೇ ಬ್ಯಾಡ್ರಿ. ಹೊಲ ಹೋದಮ್ಯಾಲೆ ಹಲ್ಲು ಇಟ್ಕೊಂಡು ಏನ್ ಕಡೀತೀರಿ?" ಎಂದಳು ಸಂಕವ್ವ. ಮಂದಿ ಗೊಳ್ಳೆಂದು ನಕ್ಕಿತು, ಗೌಡನೂ ತಲೆಯಾಡಿಸಿದ. ಆದರೆ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೆ? ಮರುದಿನ ಬೆಳಗ್ಗೆ ಅದೇ ಗೌಡ ಬಿಳಲಿನ ತುಂಡು ಬಾಯಲ್ಲಿಟ್ಟುಕೊಂಡು ಚರಂಡಿಯ ಬಳಿ ಉಗುಳುತ್ತ ನಿಂತಿದ್ದ. ಕೈ ತಾನಾಗಿಯೇ ಮೇಲೆ ಹೋಗಿ ಮುರಿದಿತ್ತು, ಪಾಪ, ಅವನಿಗೆ ಗೊತ್ತೇ ಆಗಿರಲಿಲ್ಲ. ಉಳಿದ ತುದಿಗಳು ಗಾಳಿಗೆ ಒಣಗಿದವು, ಆಡಿನ ಬಾಯಿಗೆ ಬಿದ್ದವು. ಒಂದು ಮಳೆಗಾಲ ಹೀಗೆ ದಂಡವಾಯಿತು, ಬನ್ನಿಯ ದಿನ ದೇಸಾಯಿ ಬೆತ್ತ ಬಡಿದು ಇನ್ನಷ್ಟು ಅಗಲವಾಗಿ ನಕ್ಕ.

ಆಗ ದಾರಿ ತೋರಿಸಿದವನು ಮೇದಾರ ಹುಚ್ಚೀರಪ್ಪ. ಮುರಿಯುವ ಕೈಗೆ ಬಿಳಲು ಕಾಣಲೇಬಾರದು, ಅದಕ್ಕೊಂದು ಅಂಗಿ ತೊಡಿಸೋಣ ಎಂದ. ಉದ್ದ ಬಿದಿರನ್ನು ಸೀಳಿ, ಒಳಗಿನ ಗಿಣ್ಣುಗಳನ್ನು ಕೆತ್ತಿ ತೆಗೆದು, ಕೆರೆಯ ಗೋಡುಮಣ್ಣು ಸಗಣಿ ಕಲಸಿ ತುಂಬಿ, ಬಿಳಲಿನ ತುದಿಯನ್ನು ಅದರೊಳಗೆ ಇಟ್ಟು ಮತ್ತೆ ಬಿಗಿದು ಕಟ್ಟಿದ. ಬಿದಿರಿನ ಇನ್ನೊಂದು ತುದಿ ನೆಲದೊಳಗೆ. ಮೇಲಿನಿಂದ ನೀರು ಹೊಯ್ದರೆ ಬಿಳಲು ಕತ್ತಲಲ್ಲಿ ತೇವ ಹುಡುಕುತ್ತ ಕೆಳಗೆ ಇಳಿಯಬೇಕು. ಮನೆಗೊಂದು ಬಿಳಲು ಎಂದು ಹಂಚಿಕೆಯಾಯಿತು. ಮನೆಯವರು ತಾವು ನೀರು ಕುಡಿಯುವ ಮುಂಚೆ ತಮ್ಮ ಬಿಳಲಿಗೆ ಒಂದು ಚೊಂಬು ಹೊಯ್ಯಬೇಕು. ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ಏಣಿ ಏರಿ ಬಿಳಲಿಗೆ ನೀರೆರೆಯಬೇಕು. ಏಣಿ ಏರಲು ಹೆದರಿದ ಸೊಸೆಯರನ್ನು ಸಂಕವ್ವ ಕೆಳಗೆ ನಿಂತು ರೇಗಿಸುತ್ತಿದ್ದಳಂತೆ. ಬೇಸಿಗೆಯಲ್ಲಿ ಬಾವಿ ಬತ್ತಿ ಒಂದೇ ಕೊಡ ಸಿಕ್ಕಾಗಲೂ ಮೊದಲ ಚೊಂಬು ಬಿಳಲಿಗೇ. ದೇಸಾಯಿ ಬಂದವನು ಈ ಬಿದಿರುಗಳನ್ನು ನೋಡಿ, "ಮರಕ್ಕ ಊರುಗೋಲು ಕೊಟ್ಟೀರೇನ್ರೋ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. "ನಗ್ರಿ ಧಣಿ, ನಕ್ಕಷ್ಟು ಆಯುಷ್ಯ ಹೆಚ್ಚು" ಎಂದಳು ಸಂಕವ್ವ. ಹೀಗೆ ಎಷ್ಟೋ ಬನ್ನಿಗಳು ಬಂದವು, ಹೋದವು. ಬಿದಿರಿನ ಒಳಗೆ ಏನು ನಡೆದಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ತೆರೆದು ನೋಡಲು ಸಂಕವ್ವ ಬಿಡುತ್ತಿರಲಿಲ್ಲ.

ಒಂದು ವೈಶಾಖದ ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾಗಿದ್ದಾಗ, ಪಡುವಣದಿಂದ ಕಪ್ಪಗೆ ಅಡ್ಡಮಳೆ ಎದ್ದು ಬಂತು. ಮಳೆಗಿಂತ ಮುಂಚೆ ಗಾಳಿ. ಆ ಗಾಳಿಗೆ ಟೊಳ್ಳು ಕಾಂಡ ಒಮ್ಮೆ ನರಳಿತು, ಮತ್ತೆ ನರಳಿತು, ಆಮೇಲೆ ಹಳೆಯ ಮಣ್ಣಿನ ಗೋಡೆ ಕುಸಿದಂತೆ ಇದ್ದಲ್ಲೇ ಕುಸಿದು ಪುಡಿಯಾಯಿತು. ಹೆಂಗಸರು ಚೀರಿದರು, ಗಂಡಸರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಇಡೀ ಚಪ್ಪರ ಗೇಣುದ್ದ ಕೆಳಗೆ ಜಗ್ಗಿತು. ಆಗ ಚಟಚಟನೆ ಸದ್ದು, ಒಂದರ ಹಿಂದೆ ಒಂದು ಬಿದಿರು ಸಿಡಿಯತೊಡಗಿತು. ಎಲ್ಲ ಮುಗಿಯಿತು ಎಂದು ಹುಚ್ಚೀರಪ್ಪ ಕಣ್ಣು ಮುಚ್ಚಿಕೊಂಡನಂತೆ. ಆದರೆ ಸಿಡಿದದ್ದು ಬಿದಿರು ಮಾತ್ರ. ಅದರ ಒಳಗಿನಿಂದ, ಮಳೆಗೆ ತೊಯ್ದು ಮಿರುಗುತ್ತ, ಹುರಿಗೊಂಡ ಬಿಳಲುಗಳು ಹೊರಬಂದವು. ಒಂದೊಂದೂ ನೆಲ ಕಚ್ಚಿ ಕೊಂಬೆ ಹೊತ್ತು ನಿಂತಿತ್ತು. ಮರ ಬೀಳಲಿಲ್ಲ! ಒಂದೇ ಒಂದು ಕೊಂಬೆ ಮುರಿದು ಬಿತ್ತು, ಅದು ಮರಿಗೌಡನ ಪಾಲಿನ ಬಿಳಲಿನದು. ಗೌಡ ಅವತ್ತೇ ಊರ ಮುಂದೆ ಬೂದಿ ತರಿಸಿ ಹಲ್ಲು ತಿಕ್ಕಿದ. ಸುರಿಯುವ ಮಳೆಯಲ್ಲಿ ಹೆಂಗಸರು ತಂತಮ್ಮ ಬಿಳಲನ್ನು ಹೆತ್ತ ಮಗುವಿನಂತೆ ತಬ್ಬಿಕೊಂಡು ನಕ್ಕರು, ಅತ್ತರು.

ಆದರೂ ಹೆದರಿಕೆ ಹೋಗಿರಲಿಲ್ಲ. ಮರ ನಿಂತರೆ ಸಾಲದು, ಹಸಿರಾಗಿ ಇರಬೇಕು. ಮುಂದಿನ ತಿಂಗಳು ಎಲೆಗಳೆಲ್ಲ ಹಳದಿಯಾಗಿ ಉದುರಿದವು. ಸಂಕವ್ವ ಒಂದು ಹೊತ್ತಿನ ಊಟ ಬಿಟ್ಟು ಮರದ ಕೆಳಗೇ ಕುಳಿತಳು. ಆಷಾಢ ಕಳೆದು ಶ್ರಾವಣ ಹುಟ್ಟುವಾಗ, ಮೊದಲು ಹುತ್ತದ ಕೊಂಬೆಯಲ್ಲಿ, ಆಮೇಲೆ ಎಲ್ಲ ಕೊಂಬೆಗಳಲ್ಲಿ, ಕೆಂಪನೆಯ ಚಿಗುರು ಕಾಣಿಸಿತು. ಬನ್ನಿ ಹಬ್ಬದ ಹೊತ್ತಿಗೆ ಒಳಗೆ ಬಿಸಿಲಿನ ಒಂದು ಚುಕ್ಕಿಯೂ ಇಳಿಯದಷ್ಟು ದಟ್ಟವಾಗಿತ್ತು.

ಮರವೇ ಬಿತ್ತೆಂಬ ಸುದ್ದಿ ವಾಡೆಗೆ ಮುಟ್ಟಿತ್ತು. ಅಡಿವೆಪ್ಪ ದೇಸಾಯಿ ಆ ಬನ್ನಿಗೆ ಎತ್ತು, ನೇಗಿಲು, ಕೊಡಲಿಯವರು ಎಲ್ಲರನ್ನೂ ಕರೆದುಕೊಂಡೇ ಬಂದ. ಹಸಿರಾಗಿ ನಿಂತ ಮರ ಕಂಡು ಬೆರಗಾಗಿ, ರೂಢಿಯಂತೆ ನೆರಳೊಳಗೆ ನಡೆದು, ತಾನು ಯಾವಾಗಲೂ ನಿಲ್ಲುವಲ್ಲಿ ನಿಂತು, ಬೆತ್ತ ಬೀಸಿದ. ಬೆತ್ತ ಬರೀ ಗಾಳಿಯಲ್ಲಿ ಹಾಯ್ದು, ದೇಸಾಯಿ ಮುಗ್ಗರಿಸಿದ. ಸುತ್ತ ನೋಡಿದ. ಹತ್ತಿರದ ಬಿಳಲಿಗೆ ಬೆತ್ತ ಬಡಿದ, ಗಟ್ಟಿ. ಇನ್ನೊಂದಕ್ಕೆ ಬಡಿದ, ಅದೂ ಗಟ್ಟಿ. ಸಾಲಾಗಿ ಬಡಿಯುತ್ತ ಒಂದು ಸುತ್ತು ಬಂದ. ಕೊನೆಗೆ ಮತ್ತೆ ನಡುಬಯಲಿಗೆ ಬಂದು, "ಬುಡ ಎಲ್ಲೈತಿ?" ಎಂದು ಕೇಳಿದ. ಸಂಕವ್ವ ಮುಂದೆ ಬಂದಳು. "ನೀವು ನಿಂತದ್ದ ಬುಡರೀ ಧಣಿ. ಮ್ಯಾಲೆ ನೋಡ್ರಿ." ದೇಸಾಯಿ ತಲೆ ಎತ್ತಿದ. ತಲೆಯ ಮೇಲಿನ ರುಮಾಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಆಮೇಲೆ ಕೊಡಲಿಯವರ ಕಡೆ ತಿರುಗಿ, "ಮನೀಗೆ ನಡೀರಿ. ನನ್ನಜ್ಜ ಇದ್ದಿದ್ರ ಇವತ್ತ ಕುಣಿತಿದ್ದ. ಬುಡ ಬಯಲಾದ್ರೂ ಮರ ನಿಂತೈತಿ, ಈ ನೆಲ ಇನ್ನ ಯಾರೂ ಕೇಳಂಗಿಲ್ಲ" ಎಂದ. ಆವತ್ತಿನಿಂದ ಈ ಜಾಗ ಬಯಲಬುಡವಾಯಿತು. ಸಂಕವ್ವ ಅವನ ಕೈಗೆ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದಾಗ ದೇಸಾಯಿ ಅದನ್ನು ಕಣ್ಣಿಗೊತ್ತಿಕೊಂಡ. ತನಗೂ ಒಂದು ಬಿಳಲು ಕೊಡಿ ಎಂದು ಬಾಯಿಬಿಟ್ಟು ಕೇಳಿದ. ಕೊಟ್ಟರು, ಆಡುಗಳು ಹೆಚ್ಚು ತಿರುಗಾಡುವ ಮೂಲೆಯಲ್ಲಿ. "ನೀರು ಮಾತ್ರ ನೀವ ಹೊಯ್ಯಬೇಕ್ರಿ" ಎಂದೂ ಹೇಳಿದರು.

ಇವತ್ತಿಗೂ ನೀವು ಬಂದರೆ ಕಂಬಗಳನ್ನು ಮನೆಯ ಹೆಸರಿನಿಂದಲೇ ತೋರಿಸುತ್ತೇವೆ: ಇದು ಮೇದಾರರದು, ಇದು ಗಾಣಿಗರದು. ಹುತ್ತದ ಬಳಿಯ ಎಲ್ಲಕ್ಕಿಂತ ದಪ್ಪನೆಯದು ಯಾರದೂ ಅಲ್ಲ. ಆಡು ತಿರುಗುವ ಮೂಲೆಯಲ್ಲಿ ಎಲ್ಲಕ್ಕಿಂತ ತೆಳ್ಳಗಿನ ಒಂದು ಕಂಬವಿದೆ, ಅದು ದೇಸಾಯರದು. ವಾಡೆ ಬಿದ್ದುಹೋಗಿ ಯಾವ ಕಾಲವಾಯಿತು, ಅದಕ್ಕೆ ನೀರನ್ನು ಊರವರೇ ಹೊಯ್ಯುತ್ತಾರೆ. ಹೊಸ ಸೊಸೆಯರು ಈಗಲೂ ಏಣಿ ಏರುತ್ತಾರೆ. ನಮ್ಮ ಹೆಣ್ಣುಮಕ್ಕಳ ಹೆರಳು ಮೊದಲಿನಷ್ಟು ಉದ್ದವಿಲ್ಲವೆಂದು ತೆಗ್ಗಿನಾಳದವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಬಂದವರು ನಡುಬಯಲಲ್ಲಿ ನಿಂತು, ಅತ್ತಿತ್ತ ನೋಡಿ, ಬುಡ ಎಲ್ಲಿ ಎಂದು ಕೇಳೇ ಕೇಳುತ್ತಾರೆ. ಆಗ ಅಲ್ಲಿ ನೀರಿನ ಚೊಂಬು ಹಿಡಿದು ಹೋಗುತ್ತಿರುವ ಯಾವ ಹೆಂಗಸೇ ಆಗಲಿ, ನಡಿಗೆಯನ್ನೂ ನಿಲ್ಲಿಸದೆ ಹೇಳುತ್ತಾಳೆ: "ನೀವು ನಿಂತದ್ದ ಬುಡರೀ. ಮ್ಯಾಲೆ ನೋಡ್ರಿ."